ಬಿಸಿಲಿರುವ ಇಳಿಜಾರು ಹುಡುಕಿ: ಹುಬ್ಬಳ್ಳಿ-ಧಾರವಾಡದವರಿಗೊಂದು ಸ್ಕೀಯಿಂಗ್ ಕೈಪಿಡಿ

ಹುಬ್ಬಳ್ಳಿ-ಧಾರವಾಡದ ಮಂದಿ ಊರಲ್ಲಿ ಕಾಣುವ ಹಿಮ ಅಂದರೆ ಬೇಸಿಗೆಯ ಅಡ್ಡಮಳೆಯಲ್ಲಿ ಅಂಗಳಕ್ಕೆ ಬಿದ್ದು ನೋಡನೋಡುತ್ತ ಕರಗಿಹೋಗುವ ಆಲಿಕಲ್ಲು, ಅಷ್ಟೇ. ಕಾಶ್ಮೀರಕ್ಕೋ ಮನಾಲಿಗೋ ಪ್ರವಾಸ ಹೋದವರು ಬಾಡಿಗೆ ಕೋಟು, ಗಮ್‌ಬೂಟು ಹಾಕಿಕೊಂಡು, ಕಾಲಿಗೆ ಸ್ಕೀ ಕಟ್ಟಿಸಿಕೊಂಡು, ಯಾರದೋ ಕೈ ಹಿಡಿದು ಅರ್ಧ ತಾಸು ಜಾರಿ, ನಾಲ್ಕು ಫೋಟೊ ತೆಗೆಸಿಕೊಂಡು ಬರುತ್ತಾರೆ. ಅದಕ್ಕೆ ಸ್ಕೀಯಿಂಗ್ ಅನ್ನಲಾಗದು. ಒಂದು ಪೂರ್ತಿ ವಾರ ಕೊಟ್ಟು, ಕಲಿಯಲು ತಕ್ಕ ಇಳಿಜಾರು ಆರಿಸಿಕೊಂಡರೆ, ನಲವತ್ತು ದಾಟಿದವರೂ ಯಾರ ಕೈಯನ್ನೂ ಹಿಡಿಯದೆ ತಿರುಗಲು, ನಿಲ್ಲಲು ಕಲಿಯಬಹುದು.

ಈ ಲೇಖನದಲ್ಲಿ ನಾನು ಒತ್ತಿ ಹೇಳುವುದು ಇಳಿಜಾರಿನ ಆಯ್ಕೆಯ ಬಗ್ಗೆಯೇ. ಮೊದಲ ಸಲ ಹೋಗುವವರು ಪರ್ವತದ ಹೆಸರು ನೋಡುತ್ತಾರೆ, ಕೇಬಲ್ ಕಾರ್ ಎಷ್ಟು ಎತ್ತರ ಹೋಗುತ್ತದೆ ಎಂದು ನೋಡುತ್ತಾರೆ. ನೋಡಬೇಕಾದ್ದು ಬೇರೆ. ಇಳಿಜಾರು ಸಪಾಟು ಜಾಗದಲ್ಲಿ ಮುಗಿಯುತ್ತದೆಯೇ? ಅಲ್ಲಿ ಬಿಸಿಲು ಎಷ್ಟು ಹೊತ್ತು ಇರುತ್ತದೆ? ಕಲಿಸುವವರು ಎಷ್ಟು ಜನಕ್ಕೆ ಒಬ್ಬರು?

"ಆ ಥಂಡ್ಯಾಗ ಹೋಗಿ ಕಾಲ ಮುರ್ಕೊಂಡು ಬರತೀಯೇನಪಾ?" ಎಂದು ಮನೆಯಲ್ಲಿ ಕೇಳಿದರೆ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರು ಹೇಳಿ. ಹಿಮ ಬೀಳದ ಜಿಲ್ಲೆಯಿಂದ ಹೋಗಿ, ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು ಅವರು. 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಅವರದು ಕ್ರಾಸ್ ಕಂಟ್ರಿ ಸ್ಕೀಯಿಂಗ್. ಅದರಲ್ಲಿ ಬೂಟಿನ ಹಿಮ್ಮಡಿ ಬಿಡುವಾಗಿರುತ್ತದೆ, ಸಪಾಟು ನೆಲದಲ್ಲೂ ಏರಿನಲ್ಲೂ ಓಡಬೇಕಾಗುತ್ತದೆ. ನಾವಿಲ್ಲಿ ಮಾತಾಡುತ್ತಿರುವ ಆಲ್ಪೈನ್ ಸ್ಕೀಯಿಂಗ್‌ನಲ್ಲಿ ಹಿಮ್ಮಡಿಯೂ ಸ್ಕೀಗೆ ಬಿಗಿದಿರುತ್ತದೆ, ಕೆಲಸವೆಲ್ಲ ಇಳಿಯುವುದೇ.

ದೇಶದೊಳಗೆ ಕಲಿಯಲು ನಾಲ್ಕೈದು ಜಾಗಗಳಿವೆ. ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ, ಮನಾಲಿ ಹತ್ತಿರದ ಸೋಲಂಗ್, ಶಿಮ್ಲಾದಿಂದ ಮುಂದಿನ ನಾರ್ಕಂಡಾ. ಔಲಿಯಿಂದ ನಂದಾದೇವಿ ಕಾಣುತ್ತದೆ, ಅದೊಂದಕ್ಕೇ ಹೋಗಬಹುದು. ಗಢವಾಲ್ ಮಂಡಲ ವಿಕಾಸ ನಿಗಮ ಅಲ್ಲಿ ತರಬೇತಿ ನಡೆಸುತ್ತದೆ. ಆದರೆ ಜೋಶಿಮಠದಿಂದ ಔಲಿಗೆ ಹೋಗುವ ರೋಪ್‌ವೇ 2023ರ ಜನವರಿಯ ಭೂಕುಸಿತದ ನಂತರ ನಿಂತಿತು. ರಸ್ತೆ ಹಿಡಿದೇ ಹೋಗುವ ಲೆಕ್ಕದಲ್ಲಿ ಹೊರಡಿ. ಅಲ್ಲಿ ಹಿಮವೂ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ. ಕಾಲೇಜು ವಯಸ್ಸಿನವರಿಗೆ, ಶಿಸ್ತಿನಲ್ಲಿ ಕಲಿತು ಪ್ರಮಾಣಪತ್ರ ಬೇಕೆನ್ನುವವರಿಗೆ ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಒಳ್ಳೆಯದು. 1961ರಿಂದ ಇರುವ ಸಂಸ್ಥೆ, ಸ್ಕೀಯಿಂಗ್ ಕೋರ್ಸುಗಳನ್ನು ಸೋಲಂಗ್‌ನಲ್ಲಿ ನಡೆಸುತ್ತದೆ. ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಸರ್ಕಾರಿ ಕೋರ್ಸುಗಳಿಗೆ ವಯಸ್ಸಿನ ಮಿತಿ, ವೈದ್ಯರ ಪ್ರಮಾಣಪತ್ರ ಇರುತ್ತವೆ. ಸೀಟುಗಳೂ ಬೇಗ ತುಂಬುತ್ತವೆ. ದೀಪಾವಳಿ ಮುಗಿಯುವುದರೊಳಗೆ ವಿಚಾರಿಸಿ. ಎನ್‌ಸಿಸಿಯಲ್ಲಿರುವ ಮಕ್ಕಳು ತಮ್ಮ ಬೆಟಾಲಿಯನ್‌ನಲ್ಲಿ ಮೊದಲು ಕೇಳಲಿ. ಬೆಂಗಳೂರಿನಲ್ಲಿರುವ ರಾಜ್ಯದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಗೂ ಒಂದು ಫೋನ್ ಮಾಡಿ ನೋಡಬಹುದು.

ಸಂಸಾರ ಕಟ್ಟಿಕೊಂಡು ಹೋಗುವವರಿಗೆ, ಕಲಿಯುವುದೂ ಆಗಬೇಕು, ಕಲಿಯದವರಿಗೆ ಹೊತ್ತೂ ಹೋಗಬೇಕು ಎನ್ನುವವರಿಗೆ ನನ್ನ ಓಟು ಗುಲ್ಮಾರ್ಗ್‌ಗೆ. ಬ್ರಿಟಿಷರ ಕಾಲದಲ್ಲಿ, 1927ರಲ್ಲೇ, ಅಲ್ಲಿ ಸ್ಕೀ ಕ್ಲಬ್ ಆಗಿತ್ತು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದಿಂದ ಆಡಿದ ಒಬ್ಬನೇ ಆಟಗಾರ ಆರಿಫ್ ಖಾನ್ ಆ ಸೀಮೆಯವರೇ.

ಗುಲ್ಮಾರ್ಗ್‌ನ ನೆಲದ ಲೆಕ್ಕ ಹೀಗಿದೆ. ಊರು ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿಗಿಂತ 700 ಮೀಟರ್ ಮೇಲೆ. ಮರಗಳಿಲ್ಲದ ಅಗಲವಾದ ಹುಲ್ಲುಗಾವಲು ಚಳಿಗಾಲದಲ್ಲಿ ಪೂರ್ತಿ ಹಿಮ. ಅಲ್ಲಿನ ಕೇಬಲ್ ಕಾರ್ ಗೊಂಡೋಲಾದ ಮೊದಲ ಹಂತ ಸುಮಾರು 3,100 ಮೀಟರಿನ ಕೊಂಗ್ಡೂರಿಗೆ ಹೋಗುತ್ತದೆ, ಎರಡನೆಯದು 3,900 ಮೀಟರ್ ದಾಟಿದ ಅಫರ್ವತ್ ಬೆನ್ನಿಗೆ. ಅಫರ್ವತ್ ಇರುವುದು ಊರಿನ ನೈಋತ್ಯಕ್ಕೆ. ಅಂದರೆ ಅದರ ಸ್ಕೀ ಇಳಿಜಾರುಗಳ ಮುಖ ಈಶಾನ್ಯಕ್ಕೆ. ಬೆಳಗಿನ ಬಿಸಿಲು ಸಿಕ್ಕಷ್ಟೇ, ಮಧ್ಯಾಹ್ನವಾದ ಮೇಲೆ ನೆರಳು. ಹಿಮ ಕರಗದೆ ಪುಡಿಪುಡಿಯಾಗಿ ಉಳಿಯುವುದು ಅದಕ್ಕೇ, ಜಗತ್ತಿನ ಪಳಗಿದ ಸ್ಕೀಯರ್‌ಗಳು ಅಲ್ಲಿಗೆ ಬರುವುದೂ ಅದಕ್ಕೇ. ಕಲಿಯುವವರಿಗೆ ಆ ಪುಡಿ ಹಿಮ ಏನೂ ಪ್ರಯೋಜನವಿಲ್ಲ. ಮೊಣಕಾಲುಮಟ್ಟ ಹೂತುಕೊಳ್ಳುತ್ತದೆ, ಸ್ಕೀ ತಿರುಗುವುದಿಲ್ಲ.

ಅದರ ಮೇಲೆ ಹಿಮಕುಸಿತದ ಭಯ. 2023 ಮತ್ತು 2024ರ ಫೆಬ್ರವರಿಗಳಲ್ಲಿ ಅಲ್ಲಿ ಹಿಮಕುಸಿತಕ್ಕೆ ಸಿಕ್ಕು ವಿದೇಶಿ ಸ್ಕೀಯರ್‌ಗಳು ಸತ್ತಿದ್ದಾರೆ. ಎರಡನೇ ಹಂತಕ್ಕೆ ನೋಡಲು ಹೋಗಿ ಬನ್ನಿ, ಸ್ಕೀ ಒಯ್ಯಬೇಡಿ. ನಿಮ್ಮ ಜಾಗ ಕೆಳಗಿನ ಹುಲ್ಲುಗಾವಲಿನ ಅಂಚಿನ ಸಣ್ಣ ದಿಬ್ಬಗಳು. ಮೋಡವಿಲ್ಲದ ದಿನ ಅಲ್ಲಿ ಸಂಜೆಯ ಹತ್ತಿರದವರೆಗೂ ಬಿಸಿಲು. ಜಾರಿ ಕೆಳಗೆ ಬಂದರೆ ಸಪಾಟು, ತಾನಾಗಿಯೇ ನಿಲ್ಲುತ್ತೀರಿ. ಅಲ್ಲಿ ಕಾಲೂರುವ ಧೈರ್ಯ ಬರುವುದು ಆ ಸಪಾಟಿನಿಂದ.

ಬಿಸಿಲಿನ ವಿಷಯ ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮವರು ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ಹಿಮಕ್ಕೆ ದಿನದಲ್ಲಿ ಮೂರು ಸ್ವಭಾವ. ರಾತ್ರಿ ಹೆಪ್ಪುಗಟ್ಟಿದ್ದು ಬೆಳಿಗ್ಗೆ ಗಾಜಿನಷ್ಟು ಗಟ್ಟಿ ಇರುತ್ತದೆ. ಸ್ಕೀ ಅಂಚು ಹಿಡಿಯುವುದಿಲ್ಲ, ಬಿದ್ದರೆ ಸೊಂಟಕ್ಕೆ ಏಟು. ಬಿಸಿಲು ಬಿದ್ದ ಮೇಲೆ ಮೇಲಿನ ಒಂದೆರಡು ಬೆರಳು ದಪ್ಪ ಸಡಿಲಾಗುತ್ತದೆ. ಆಗ ಅಂಚು ಕಚ್ಚುತ್ತದೆ, ತಿರುವು ಸಲೀಸು, ಬಿದ್ದರೂ ನೋವಿಲ್ಲ. ಮಧ್ಯಾಹ್ನ ಕಳೆದರೆ ಕೆಸರು. ಸ್ಕೀ ಸಿಕ್ಕಿಹಾಕಿಕೊಂಡು ಮೈ ಮಾತ್ರ ಮುಂದಕ್ಕೆ ಹೋಗುತ್ತದೆ; ಮೊಣಕಾಲು ತಿರುಚುವುದು ಇಂಥ ಹೊತ್ತಿನಲ್ಲಿ. ಗುಲ್ಮಾರ್ಗ್ ನಮ್ಮ ದೇಶದ ಗಡಿಯಾರಕ್ಕೆ ಪಶ್ಚಿಮದ ಊರು. ಫೆಬ್ರವರಿಯಲ್ಲಿ ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು 12.45ಕ್ಕೆ. ಹಾಗಾಗಿ ಎಂಟು ಗಂಟೆಗೇ ಎದ್ದು ಓಡುವ ಹುಮ್ಮಸ್ಸು ಬೇಡ. ಹತ್ತೂವರೆಯಿಂದ ಒಂದೂವರೆ ಕಲಿಯುವ ಹೊತ್ತು. ಊಟವಾದ ಮೇಲೆ ಒಂದು ತಾಸು ಕಲಿತದ್ದನ್ನೇ ತಿರುವಿ ಹಾಕಿ, ಮೂರಕ್ಕೆ ಬೂಟು ಬಿಚ್ಚಿ.

ಬಿಸಿಲಿನ ಇನ್ನೊಂದು ಮುಖ ಕಣ್ಣು ಮತ್ತು ಚರ್ಮ. "ನಾವು ಬಿಸಲಾಗ ಬೆಳದವ್ರು, ನಮಗೇನಾಗ್ತದ" ಎನ್ನುವವರು ಮೂಗಿನ ಸಿಪ್ಪೆ ಸುಲಿಸಿಕೊಂಡು ಬರುತ್ತಾರೆ. ಎತ್ತರ ಒಂದು ಸಾವಿರ ಮೀಟರ್ ಏರಿದರೆ ನೇರಳಾತೀತ ಕಿರಣ ಶೇ 10ರಷ್ಟು ಹೆಚ್ಚು. ಹೊಸ ಹಿಮ ಅದರಲ್ಲಿ ಶೇ 80ರವರೆಗೆ ತಿರುಗಿ ಮೇಲಕ್ಕೇ ಕಳಿಸುತ್ತದೆ. ಅಂದರೆ ಟೊಪ್ಪಿಗೆ ಹಾಕಿದರೂ ಬಿಸಿಲು ಕೆಳಗಿನಿಂದ ಬಡಿಯುತ್ತದೆ. ಸನ್‌ಸ್ಕ್ರೀನನ್ನು ಗದ್ದದ ಅಡಿ, ಮೂಗಿನ ಹೊಳ್ಳೆಯ ಕೆಳಗೆ, ಕಿವಿಯ ಹಿಂದೆ ಹಚ್ಚಿ, ತುಟಿಗೂ ಬೇಕು. ಕಣ್ಣಿಗೆ ಕನ್ನಡಕ ಇಲ್ಲದೆ ಮೂರು ತಾಸು ನಿಂತರೆ ಆಗ ಏನೂ ಗೊತ್ತಾಗುವುದಿಲ್ಲ, ರಾತ್ರಿ ಕಣ್ಣು ಕೆಂಪಾಗಿ ಚುಚ್ಚಿ ನೀರು ಸುರಿಯುತ್ತದೆ. ರಸ್ತೆಬದಿಯ ಕಪ್ಪು ಕನ್ನಡಕ ಸಾಲದು, ಯುವಿ ತಡೆಯುವ ಗಾಗಲ್ಸ್ ಬೇಕು. ಇಡೀ ಸಾಮಾನಿನಲ್ಲಿ ಕೊಂಡುಕೊಳ್ಳಬೇಕಾದ್ದು ನನ್ನ ಪ್ರಕಾರ ಮೂರೇ: ಗಾಗಲ್ಸ್, ನೀರು ಒಳಗೆ ಬಿಡದ ಕೈಗವಸು, ಮೊಣಕಾಲುವರೆಗಿನ ತೆಳು ಉಣ್ಣೆಯ ಸ್ಕೀ ಕಾಲುಚೀಲ. ಸ್ಕೀ, ಬೂಟು, ಕೋಲು, ಹೆಲ್ಮೆಟ್ಟು ಎಲ್ಲ ಬಾಡಿಗೆಗೆ ಸಿಗುತ್ತವೆ. ಜೀನ್ಸ್ ಹಾಕಬೇಡಿ, ನೆನೆದರೆ ಒಣಗುವುದಿಲ್ಲ.

ಬಾಡಿಗೆ ಅಂಗಡಿಯಲ್ಲಿ ಅರ್ಧ ತಾಸು ಕಳೆಯಲು ನಾಚಬೇಡಿ. ಬೂಟು ಹಾಕಿಕೊಂಡು ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದೆ ಸ್ವಲ್ಪ ತಾಗಬೇಕು. ಮೊಣಕಾಲು ಮುಂದಕ್ಕೆ ಬಾಗಿಸಿದಾಗ ಹಿಂದೆ ಸರಿಯಬೇಕು. ಹಿಮ್ಮಡಿ ಏಳಬಾರದು. ಬಿಗಿಯಾಯಿತೆಂದು ಒಂದು ನಂಬರ್ ದೊಡ್ಡದು ತೆಗೆದುಕೊಳ್ಳುವುದು ಎಲ್ಲರೂ ಮಾಡುವ ಕೆಲಸ. ಬೂಟಿನೊಳಗೆ ಕಾಲು ಅಲ್ಲಾಡಿದರೆ ನೀವು ತಿರುಗಿದರೂ ಸ್ಕೀ ತಿರುಗುವುದಿಲ್ಲ. ಚಳಿ ಎಂದು ಎರಡು ಜೊತೆ ಕಾಲುಚೀಲ ಹಾಕುವುದೂ ಅಷ್ಟೇ ತಪ್ಪು. ರಕ್ತ ಓಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಸ್ಕೀ ನಿಮ್ಮ ಗದ್ದದ ಎತ್ತರಕ್ಕಿದ್ದರೆ ಸಾಕು. ಇನ್ನು ಬೈಂಡಿಂಗ್. ಬಿದ್ದಾಗ ಬೂಟನ್ನು ತಾನಾಗಿ ಬಿಟ್ಟುಕೊಡುವ ಕೊಂಡಿ ಅದು. ಎಷ್ಟು ಒತ್ತಡಕ್ಕೆ ಬಿಡಬೇಕೆಂಬುದನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ ನೋಡಿ ತಿರುಪಿನಿಂದ ಹೊಂದಿಸುತ್ತಾರೆ. ಅಲ್ಲಿ ತೂಕ ಕಡಿಮೆ ಹೇಳಬೇಡಿ, ಹೆಚ್ಚೂ ಹೇಳಬೇಡಿ. ಕೇಳದೆಯೇ ಸ್ಕೀ ಕೈಗೆ ಕೊಟ್ಟರೆ ನೀವೇ ಕೇಳಿ: "ಬೈಂಡಿಂಗ್ ಸೆಟ್ಟಿಂಗ್ ಕಿತನಾ ಹೈ?" ಉತ್ತರ ಬರದಿದ್ದರೆ ಮುಂದಿನ ಅಂಗಡಿಗೆ ಹೋಗಿ.

ಹಿಮದ ಮೇಲೆ ಮೊದಲ ಕೆಲಸ ಬೂಟಿನ ಅಡಿಗೆ ಮೆತ್ತಿದ ಹಿಮ ಕೆರೆದು ತೆಗೆಯುವುದು. ಅದಿದ್ದರೆ ಕೊಂಡಿ ಕೂರುವುದಿಲ್ಲ. ಮುಂಗಾಲು ಮೊದಲು ಸಿಕ್ಕಿಸಿ, ಆಮೇಲೆ ಹಿಮ್ಮಡಿ ಒತ್ತಿ, ಟಕ್ ಎನ್ನಬೇಕು. ನಿಲ್ಲುವ ಭಂಗಿ ನಮ್ಮ ಗರಡಿಮನೆಯ ಪೈಲ್ವಾನ ಹಿಡಿತಕ್ಕೆ ಮುಂಚೆ ನಿಲ್ಲುವ ಹಾಗೆ: ಮೊಣಕಾಲು ಸಡಿಲ, ಕೈ ಎರಡೂ ಮುಂದೆ, ಕಣ್ಣು ಎದುರಿಗೆ. ಕಣಕಾಲಿನ ಮುಂಭಾಗ ಸದಾ ಬೂಟಿನ ನಾಲಿಗೆಗೆ ಒತ್ತುತ್ತಿರಬೇಕು. ಹೆದರಿಕೆಯಾದಾಗ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ವಾಲಿದ ಕೂಡಲೇ ಸ್ಕೀ ಮುಂದೆ ಓಡುತ್ತದೆ, ನೀವು ಕುಂಡೆಯ ಮೇಲೆ. ಹೆದರಿಕೆಯಾದಷ್ಟೂ ಮುಂದೆ ಬಾಗಬೇಕು ಎಂಬುದನ್ನು ಮೈಗೆ ಒಪ್ಪಿಸುವುದರಲ್ಲೇ ಮೊದಲೆರಡು ದಿನ ಹೋಗುತ್ತವೆ.

ನಿಲ್ಲುವುದು ಸ್ನೋಪ್ಲೋದಿಂದ. ಮುಂದಿನ ತುದಿಗಳನ್ನು ಹತ್ತಿರ ತಂದು ಹಿಂದಿನ ತುದಿಗಳನ್ನು ಹಿಮ್ಮಡಿಯಿಂದ ಹೊರಕ್ಕೆ ತಳ್ಳುವುದು. ಒಳ ಅಂಚುಗಳು ಹಿಮಕ್ಕೆ ಕಚ್ಚಿ ವೇಗ ಇಳಿಯುತ್ತದೆ. ಎಡಗಾಲಿಗೆ ಭಾರ ಕೊಟ್ಟರೆ ಬಲಕ್ಕೆ ತಿರುಗುತ್ತೀರಿ, ಬಲಗಾಲಿಗೆ ಕೊಟ್ಟರೆ ಎಡಕ್ಕೆ. ಮೊದಲ ದಿನ ಇದು ಉಲ್ಟಾ ಅನ್ನಿಸುತ್ತದೆ. ಬೀಳುವುದು ಖಾತ್ರಿಯಾದಾಗ ಗುಡ್ಡದ ಕಡೆಯ ಪಕ್ಕಕ್ಕೆ ಬೀಳಿ, ಕೈ ಊರಬೇಡಿ. ಏಳುವ ಮುಂಚೆ ಎರಡೂ ಸ್ಕೀಗಳನ್ನು ಇಳಿಜಾರಿಗೆ ಅಡ್ಡ ಮಾಡಿಕೊಳ್ಳಿ. ಇಲ್ಲದಿದ್ದರೆ ಎದ್ದ ಕ್ಷಣವೇ ಮತ್ತೆ ಹೊರಟುಬಿಡುತ್ತೀರಿ. ಎಳೆದೊಯ್ಯುವ ಡ್ರ್ಯಾಗ್ ಲಿಫ್ಟಿನಲ್ಲಿ ಕುಳಿತುಕೊಳ್ಳಲು ಹೋಗಬೇಡಿ. ಅದು ಕುರ್ಚಿಯಲ್ಲ. ನಿಂತೇ ಇರಬೇಕು, ಅದು ಹಿಂದಿನಿಂದ ತಳ್ಳುತ್ತದೆ. ಇಳಿಜಾರಿನಲ್ಲಿ ನಿಮ್ಮ ಕೆಳಗಿರುವವರದೇ ಮೊದಲ ಹಕ್ಕು, ತಪ್ಪಿಸಿಕೊಂಡು ಹೋಗುವ ಹೊಣೆ ಮೇಲಿನಿಂದ ಬರುವವರದು. ಇದು ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ನಿಯಮ, ಎಲ್ಲ ದೇಶಕ್ಕೂ ಒಂದೇ.

ತಯಾರಿ ಊರಲ್ಲೇ ಶುರುವಾಗಲಿ, ಆರರಿಂದ ಎಂಟು ವಾರ ಮೊದಲು. ನೃಪತುಂಗ ಬೆಟ್ಟವನ್ನೋ ಕರ್ನಾಟಕ ವಿಶ್ವವಿದ್ಯಾಲಯದ ಏರನ್ನೋ ಹತ್ತುವವರು ಸಾಕಷ್ಟು ಮಂದಿ ಇದ್ದಾರೆ. ಸ್ಕೀಯಿಂಗ್‌ಗೆ ಬೇಕಾದ್ದು ಹತ್ತುವುದಕ್ಕಿಂತ ಇಳಿಯುವ ಶಕ್ತಿ. ತೊಡೆ ಭಾರ ತಡೆದುಕೊಂಡೇ ಬಾಗಬೇಕು. ಮೆಟ್ಟಿಲನ್ನು ನಿಧಾನವಾಗಿ, ಕಟಕಟೆ ಹಿಡಿಯದೆ ಇಳಿಯಿರಿ. ದಿನಾ ಬೈಠಕ್ ಹೊಡೆಯಿರಿ. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಿಲ್ಲದೆ ಕುಳಿತು ಒಂದು ನಿಮಿಷ ತಡೆದರೆ ಹೋಗಲು ಅಡ್ಡಿಯಿಲ್ಲ. ಗಾಲಿ ಸ್ಕೇಟಿಂಗ್ ಕಲಿತ ಮಕ್ಕಳು ಅಪ್ಪ-ಅಮ್ಮನಿಗಿಂತ ಬಹಳ ಬೇಗ ಕಲಿಯುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಮೊಣಕಾಲಿನ ಲಿಗಮೆಂಟ್ ಹಿಂದೆ ಹರಿದವರು, ಬಿಪಿ ಇರುವವರು ವೈದ್ಯರನ್ನು ಕೇಳದೆ ಟಿಕೆಟ್ ತೆಗೆಯಬೇಡಿ.

ಯಾವಾಗ? ಜನವರಿ ಕೊನೆಯಿಂದ ಫೆಬ್ರವರಿ ಕೊನೆ. ಕ್ರಿಸ್‌ಮಸ್ ರಜೆಗೆ ಹೋದರೆ ಹಿಮ ಸಿಕ್ಕರೆ ಸಿಕ್ಕಿತು. 2024ರ ಜನವರಿಯಲ್ಲಿ ಬಹುಪಾಲು ದಿನ ಗುಲ್ಮಾರ್ಗ್ ಬರೀ ಕಂದು ಹುಲ್ಲು. 2025ರ ಖೇಲೋ ಇಂಡಿಯಾ ಕೂಟವನ್ನೇ ಹಿಮವಿಲ್ಲದೆ ಫೆಬ್ರವರಿಯಿಂದ ಮಾರ್ಚ್‌ಗೆ ಮುಂದೂಡಿದರು. ಹಣ ವಾಪಸ್ ಬರುವ ಟಿಕೆಟ್ಟು, ಹೋಟೆಲ್ಲೇ ತೆಗೆದುಕೊಳ್ಳಿ, ನಾಲ್ಕು ಕಾಸು ಹೆಚ್ಚಾದರೂ ಪರವಾಗಿಲ್ಲ.

ದೆಹಲಿ ಮೇಲೆ ಹೋಗಬಹುದು. ವಿಮಾನವಾದರೆ ದೆಹಲಿಯಿಂದ ಶ್ರೀನಗರ. ರೈಲು ಎನ್ನುವವರಿಗೆ ಹುಬ್ಬಳ್ಳಿ ಮಾರ್ಗದ ಕರ್ನಾಟಕ ಸಂಪರ್ಕ ಕ್ರಾಂತಿ ಇದೆ. ದೆಹಲಿಯಿಂದ ಕಟ್ರಾ, 2025ರ ಜೂನ್‌ನಿಂದ ಕಟ್ರಾದಿಂದ ಶ್ರೀನಗರಕ್ಕೆ ವಂದೇ ಭಾರತ್. ಶ್ರೀನಗರದಿಂದ ಗುಲ್ಮಾರ್ಗ್ ಸುಮಾರು 50 ಕಿಲೋಮೀಟರ್. ಹಿಮ ಬಿದ್ದ ದಿನ ದಾರಿಯಲ್ಲಿನ ಟಂಗ್‌ಮಾರ್ಗ್‌ನಲ್ಲಿ ಸಾಮಾನ್ಯ ಟ್ಯಾಕ್ಸಿ ನಿಲ್ಲಿಸುತ್ತಾರೆ, ಅಲ್ಲಿಂದ ಗಾಲಿಗೆ ಸರಪಳಿ ಕಟ್ಟಿದ ಜೀಪು. ಹಿಮದಿಂದ ಶ್ರೀನಗರದ ವಿಮಾನ ರದ್ದಾಗುವುದು ಹೊಸದೇನಲ್ಲ, ಹಿಂತಿರುಗುವಾಗ ಒಂದು ದಿನ ಖಾಲಿ ಇಟ್ಟುಕೊಳ್ಳಿ. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ನಡೆಯುವುದಿಲ್ಲ. ಮನೆಯಲ್ಲಿ ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ. 2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಯ ನಂತರ ಪ್ರವಾಸಿ ತಾಣಗಳ ಸೂಚನೆಗಳು ಬದಲಾಗುತ್ತಿರುತ್ತವೆ, ಹೊರಡುವ ವಾರ ನೋಡಿಕೊಳ್ಳಿ. ತಲುಪಿದ ದಿನ ಹಿಮಕ್ಕಿಳಿಯಬೇಡಿ. 700 ಮೀಟರಿನ ಊರಿನಿಂದ ಬಂದ ಮೈಗೆ ಒಂದು ರಾತ್ರಿಯ ವಿಶ್ರಾಂತಿ ಬೇಕು, ನೀರು ಹೆಚ್ಚು ಕುಡಿಯಬೇಕು. ಜೇಬಿನಲ್ಲಿ ಶೇಂಗಾ ಉಂಡಿ ಇದ್ದರೆ ಹನ್ನೆರಡರ ಹಸಿವಿಗೆ ಅದರಷ್ಟು ಛಲೋ ಬೇರೆ ಇಲ್ಲ.

ಗುಲ್ಮಾರ್ಗ್‌ನಲ್ಲಿ ಗಾಡಿಯಿಂದಿಳಿದ ಕೂಡಲೇ ಕುದುರೆಯವರು, ಸ್ಲೆಜ್‌ನವರು, ಗೈಡುಗಳು ಮುತ್ತುತ್ತಾರೆ. ಹೊಟ್ಟೆಪಾಡು, ತಪ್ಪಲ್ಲ, ಆದರೆ ಅಲ್ಲೇ ಮಾತು ಮುಗಿಸಬೇಡಿ. ಕಲಿಸುವವರನ್ನು ದಿನದ ಲೆಕ್ಕದಲ್ಲಿ, ಹೋಟೆಲಿನವರ ಇಲ್ಲವೇ ಸಂಸ್ಥೆಯ ಮೂಲಕ ಗೊತ್ತು ಮಾಡಿ. ಗೊಂಡೋಲಾ ಟಿಕೆಟ್ ಆನ್‌ಲೈನ್‌ನಲ್ಲಿ ಮುಂಚೆಯೇ ತೆಗೆಯಿರಿ.

ಮಗ-ಮಗಳು ಜ್ಯೂರಿಕ್‌ನಲ್ಲೋ ಮ್ಯೂನಿಕ್‌ನಲ್ಲೋ ಇರುವ ಮನೆಗಳು ಈಗ ಧಾರವಾಡದಲ್ಲಿ ಕಡಿಮೆಯೇನಿಲ್ಲ. ಚಳಿಗಾಲದಲ್ಲಿ ಅವರಲ್ಲಿಗೆ ಹೋಗುವವರಿಗೆ ಆಲ್ಪ್ಸ್ ಹತ್ತಿರ. ಅಲ್ಲಿ ಬಿಸಿಲಿನ ಲೆಕ್ಕ ಇನ್ನೂ ಬಿಗಿ. ಡಿಸೆಂಬರ್ 21ರ ನಡುಹಗಲು ಧಾರವಾಡದಲ್ಲಿ ಸೂರ್ಯ ಸುಮಾರು 51 ಡಿಗ್ರಿ ಎತ್ತರದಲ್ಲಿದ್ದರೆ ಆಲ್ಪ್ಸ್‌ನಲ್ಲಿ 21 ಡಿಗ್ರಿ ಅಷ್ಟೇ. ಅಷ್ಟು ಕೆಳಗಿರುವ ಸೂರ್ಯನನ್ನು ಯಾವ ಗುಡ್ಡವೂ ಮರೆಮಾಡಬಹುದು. ಅದಕ್ಕೇ ಫ್ರಾನ್ಸಿನ ಆಲ್ಪ್ ದ್ಯುಯೆಜ್‌ನಂಥ ದಕ್ಷಿಣಮುಖದ ಊರು ಕಲಿಯುವವರಿಗೆ ಹೇಳಿಮಾಡಿಸಿದ್ದು. ಮೇಲೆ 3,330 ಮೀಟರಿನ ಪಿಕ್ ಬ್ಲಾಂಕ್‌ನಿಂದ 16 ಕಿಲೋಮೀಟರ್ ಉದ್ದದ ಕಪ್ಪು ದಾರಿ ಇಳಿಯುತ್ತದೆ, ಆದರೆ ಊರಿಗೆ ಅಂಟಿಕೊಂಡೇ ಅಗಲವಾದ ಹಸಿರು ದಾರಿಗಳ ಬಿಸಿಲಿನ ಬಯಲು. ಫ್ರಾನ್ಸಿನಲ್ಲಿ ಸುಲಭದಿಂದ ಕಷ್ಟದ ಕಡೆಗೆ ಹಸಿರು, ನೀಲಿ, ಕೆಂಪು, ಕಪ್ಪು ಎಂದು ದಾರಿಗಳಿಗೆ ಬಣ್ಣ, ಕಲಿಯುವವರಿಗೆ ಹಸಿರು. ಸ್ವಿಟ್ಜರ್‌ಲೆಂಡ್, ಆಸ್ಟ್ರಿಯಾಗಳಲ್ಲಿ ಸುಲಭದ ದಾರಿಯ ಬಣ್ಣ ನೀಲಿ. ಷೆಂಗನ್ ವೀಸಾಕ್ಕೆ 30,000 ಯೂರೋ ವಿಮೆ ಕಡ್ಡಾಯ, ಆದರೆ ಎಷ್ಟೋ ಪಾಲಿಸಿಗಳಲ್ಲಿ ಸ್ಕೀಯಿಂಗ್ ಸೇರಿರುವುದಿಲ್ಲ; ಬರೆದದ್ದನ್ನು ಓದಿ, ಚಳಿಗಾಲದ ಕ್ರೀಡೆ ಸೇರಿಸಿಕೊಳ್ಳಿ. ಫ್ರಾನ್ಸಿನಲ್ಲಿ ಇಳಿಜಾರಿನಿಂದ ಎತ್ತಿ ತಂದರೆ ಅದಕ್ಕೂ ಬಿಲ್ಲು. ಲಿಫ್ಟ್ ಪಾಸಿನ ಜೊತೆ ದಿನದ ಲೆಕ್ಕದಲ್ಲಿ ಮಾರುವ ಕಾರೆ ನೇಜ್ ವಿಮೆ ತೆಗೆದುಕೊಂಡರೆ ಆ ಚಿಂತೆ ಇಲ್ಲ. ಒಂದು ವಾರದ ಗುಂಪು ಪಾಠ ಕೊಂಡು ಬಿಡಿ. ಸ್ಕೀ ಬರುವ ಮಗ ಅಪ್ಪನಿಗೆ ಕಲಿಸಲು ಹೋದರೆ ಇಬ್ಬರಿಗೂ ಜಗಳ, ಇದು ಎಲ್ಲ ದೇಶದ ಅನುಭವ.

ಮತ್ತೆ ಗುಲ್ಮಾರ್ಗ್‌ಗೆ ಬಂದರೆ, ಐದಾರು ದಿನವಾದ ಮೇಲೆ ಸ್ನೋಪ್ಲೋದಲ್ಲಿ ಎಡ-ಬಲ ತಿರುಗಿ, ಹೇಳಿದ ಕಡೆ ನಿಲ್ಲಲು ಬಂದರೆ ಕಲಿಸುವವರ ಜೊತೆ ಕೊಂಗ್ಡೂರಿಗೆ ಹೋಗಬಹುದು. ಅಲ್ಲಿನ ಹೋಟೆಲುಗಳ ಸುತ್ತಲ ಮೆತ್ತನೆಯ ಇಳಿಜಾರಿನಲ್ಲಿ ಮುಂಜಾನೆಯ ಬಿಸಿಲಿರುವಾಗ ಮಾಡಿ, ನೆರಳು ಬರುವ ಮೊದಲು ಮುಗಿಸಿ. ಅಲ್ಲಿಂದ ಊರಿಗೆ ಪೈನ್ ಕಾಡಿನೊಳಗೆ ಸ್ಕೀ ದಾರಿ ಇದೆ, ಎಲ್ಲರೂ ಇಳಿಯುತ್ತಿರುತ್ತಾರೆ, ಆಸೆಯಾಗುತ್ತದೆ. ಅಗಲ ಕಡಿಮೆ, ಮರ ಹೆಚ್ಚು, ಮಧ್ಯಾಹ್ನದ ಮೇಲೆ ಗಡುಸು. ಮೊದಲ ವರ್ಷ ಗೊಂಡೋಲಾದಲ್ಲೇ ಇಳಿಯಿರಿ. ಕೊನೆಯ ಕ್ಯಾಬಿನ್ ಎಷ್ಟು ಗಂಟೆಗೆ ಎಂಬುದನ್ನು ಮೇಲೆ ಹತ್ತುವಾಗಲೇ ಕೇಳಿಟ್ಟುಕೊಳ್ಳಿ. ಗಾಳಿ ಜೋರಾದರೆ ಅದಕ್ಕೂ ಮುಂಚೆ ನಿಲ್ಲಿಸುತ್ತಾರೆ.